48ಕ್ಕ ಕೈಗೆ ಬಂದ ಕ್ಯಾಮೆರಾ

ಮಕ್ಕಳು ಕೈಗೆ ಬಂದ ಮ್ಯಾಲೆ ಏನರ ಒಂದು ಹವ್ಯಾಸ ಹಚ್ಚಿಕೋಬೇಕು ಅಂತ ನಾವೆಲ್ಲಾ ಮಾತಾಡ್ತೇವಿ. ಒಬ್ಬಾಕಿಗೆ ಕಸೂತಿ, ಒಬ್ಬಾಕಿಗೆ ದಾಸರ ಪದ, ಇನ್ನೊಬ್ಬಾಕಿಗೆ ಹಿತ್ತಲದ ಗಿಡ. ಈಗ ಎಲ್ಲಾರ ಕೈಯಾಗೂ ಫೋನ್ ಇರೂದ್ರಿಂದ ಫೋಟೋ ತೆಗಿಯೂ ಹುಚ್ಚೂ ಅದಕ್ಕ ಸೇರ್ಯದ. ಕಡೀಕ ಮಾತು ಬಂದು ನಿಲ್ಲೂದು ಒಂದೇ ಕಡೆ, ಇಷ್ಟಕ್ಕೆಲ್ಲಾ ಹೊತ್ತು ಎಲ್ಲಿಂದ ತರೂದವಾ ಅಂತ. ಅದಕ್ಕ ಇವತ್ತು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅನ್ನಾಕಿಯ ಇತಿಹಾಸ ಬರೀಲಿಕ್ಕೆ ಕೂತೇನಿ. ಹೆಸರು ಕ್ಯಾಮೆರಾನ್ ಅಂತ ಇದ್ದದ್ದಕ್ಕೂ ಕ್ಯಾಮೆರಾಕ್ಕೂ ಸಂಬಂಧ ಇಲ್ರಿ. ಅದು ಗಂಡನ ಮನಿ ಅಡ್ಡಹೆಸರು.

ಆಕಿ ಹುಟ್ಟಿದ್ದು ನಮ್ಮ ದೇಶದಾಗ, 1815ರಾಗ, ಕಲ್ಕತ್ತಾದಾಗ. ಅಪ್ಪ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿ, ಅವ್ವ ಫ್ರೆಂಚ್ ಮನೆತನದಾಕಿ. 1838ರಾಗ ಕಲ್ಕತ್ತಾದಾಗೇ ಲಗ್ನ ಆತು. ಗಂಡ ಚಾರ್ಲ್ಸ್ ಹೇ ಕ್ಯಾಮೆರಾನ್ ಆಕಿಕಿಂತ 20 ವರ್ಷ ದೊಡ್ಡವ. ನಮ್ಮ ದಂಡ ಸಂಹಿತೆಯ ಕರಡು ಬರದ ಮೆಕಾಲೆಯ ಕಾನೂನು ಆಯೋಗದಾಗ ಆತನೂ ಒಬ್ಬ ಸದಸ್ಯ. ಸಿಲೋನಿನ್ಯಾಗ ಕಾಫಿ ತ್ವಾಟ ಮಾಡಿದ್ದ. ಐದು ಗಂಡು, ಒಂದು ಹೆಣ್ಣು, ಹಿಂಗ ಆರು ಮಕ್ಕಳು. ಅಷ್ಟು ಸಾಲದು ಅಂತ ತಬ್ಬಲಿ ಮಕ್ಕಳನ್ನೂ ಮನ್ಯಾಗ ಇಟಗೊಂಡು ಬೆಳಸಿದ್ಲು.

ಕ್ಯಾಮೆರಾ ಬರೂಕಿಂತ ಮೊದಲು ಆಕಿ ಸುಮ್ಮನ ಕೂತಾಕಿ ಅಲ್ಲ. 1840ರ ದಶಕದಾಗ ಐರ್ಲಂಡಿಗೆ ಬರಗಾಲ ಬಿದ್ದಾಗ ಕಲ್ಕತ್ತಾದಾಗ ವಂತಿಗಿ ಕೂಡಿಸಿದ್ಲು. ಒಂದು ಜರ್ಮನ್ ಕವಿತಾನ್ನ ಇಂಗ್ಲಿಷಿಗೆ ತಂದ್ಲು. ಮಂದಿಗೆ ಉದ್ದುದ್ದ ಪತ್ರ ಬರಿಯೂದು, ಬ್ಯಾಡಂದ್ರೂ ಉಡುಗೊರಿ ಕೊಡೂದು, ಮನ್ಯಾಗ ನಾಟಕ ಆಡಸೂದು, ಬಂದವ್ರಿಗೆಲ್ಲಾ ಊಟಕ್ಕ ಇಡೂದು, ಇವೆಲ್ಲಾ ಆಕಿಯ ಹವ್ಯಾಸನ. 1848ರಾಗ ಸಂಸಾರ ಇಂಗ್ಲಂಡಿಗೆ ಹೋತು. 1860ರಾಗ ವೈಟ್ ದ್ವೀಪದ ಫ್ರೆಶ್‌ವಾಟರ್ ಅನ್ನೂ ಊರಾಗ, ಕವಿ ಟೆನಿಸನ್ನರ ನೆರಿಯಾಗ ಮನಿ ಮಾಡಿದ್ರು.

1863ರ ಡಿಸೆಂಬರದಾಗ ಮಗಳು ಅಳಿಯಾ ಕೂಡಿ ಆಕಿಗೆ ಒಂದು ಕ್ಯಾಮೆರಾ ತಂದುಕೊಟ್ರು. ಒಬ್ಬಾಕಿನ ಇರತಿ, ಹೊತ್ತು ಹೋಗಲಿ ಅನ್ನೂದು ಅವ್ರ ವಿಚಾರ. ಆಗ ಆಕಿಗೆ 48 ವರ್ಷ.

ಆ ಕಾಲದ ಫೋಟೋ ಅಂದ್ರ ಏನು ಅನ್ನೂದು ತಿಳ್ಕೋಬೇಕು. ಗಾಜಿನ ಹಲಗಿಯ ಮ್ಯಾಲೆ ಕೊಲೋಡಿಯನ್ ಅನ್ನೂ ಅಂಟು ದ್ರಾವಣ ಹಾಕಿ, ಚಮಚಾ ಮುಟ್ಟಸದ, ಹಲಗಿ ಬಾಗಿಸಿ ಬಾಗಿಸಿ ಸಮನಾಗಿ ಹರಿಸಬೇಕು. ಕತ್ತಲಿ ಖೋಲ್ಯಾಗ ಅದನ್ನ ಸಿಲ್ವರ್ ನೈಟ್ರೇಟಿನ ನೀರಾಗ ಅದ್ದಬೇಕು. ಹಸಿ ಇರೂದ್ರೊಳಗ ಕ್ಯಾಮೆರಾದಾಗ ಹಾಕಿ ಚಿತ್ರ ತೆಗದು, ಹಸಿ ಇರೂದ್ರೊಳಗ ಓಡಿಬಂದು ಚಿತ್ರ ಮೂಡಸಬೇಕು. ಆಮ್ಯಾಲೆ ಕೊಡಗಟ್ಟಲೆ ನೀರಾಗ ತೊಳೀಬೇಕು. ನಡುವ ಒಣಗಿತು ಅಂದ್ರ ಕೆಲಸ ಕೆಟ್ಟಂಗ. ಕಸೂತಿ ಹಂಗಲ್ಲ ನೋಡ್ರಿ. ಸೂಜಿ ಚುಚ್ಚಿಟ್ಟು ಎದ್ದು ಹೋಗಿ, ಹಾಲು ಉಕ್ಕತೇನು ನೋಡಿ ಬಂದು, ಮತ್ತ ಅಲ್ಲಿಂದನ ಹೊಲೀಬಹುದು. ಇದು ಅರ್ಧಕ್ಕ ಬಿಟ್ಟು ಏಳೂ ಕೆಲಸ ಅಲ್ಲ.

ಇಂಥಾ ಕೆಲಸಕ್ಕ ಆಕಿ ಬ್ಯಾರೆ ಜಾಗಾ ಹುಡುಕ್ಲಿಲ್ಲ. ಕಲ್ಲಿದ್ದಲು ತುಂಬಿಡೂ ಖೋಲಿ ಕತ್ತಲಿ ಖೋಲಿ ಆತು. ಗಾಜು ಹಾಕಿದ್ದ ಕೋಳಿ ಮನಿ ಸ್ಟುಡಿಯೋ ಆತು. ಕೋಳಿಗಳನ್ನ ಹೊರಗ ಬಿಟ್ರು, ಯಾರೂ ತಿಂದಿರಲಿಕ್ಕಿಲ್ಲ ಅಂತ ಆಕೀನ ಆಮ್ಯಾಲೆ ನಗಚಾಟಿಕಿಗೆ ಬರದಾಳ. ಇನ್ನೊಂದು ಮಜಾ ಅಂದ್ರ, ಆಗಿನ ಫೋಟೋ ಕಾಗದಕ್ಕ ತತ್ತಿಯ ಬಿಳಿ ಭಾಗ ಸವರಿರತಿದ್ರು. ತತ್ತಿ ಮುಟ್ಟದ ನಮ್ಮಂಥಾ ಮನಿಯವ್ರು ಆ ಕಾಲದಾಗ ಫೋಟೋ ಹೆಂಗ ಮಾಡಸ್ತಿದ್ರೋ ಏನೋ!

ಮೊದಲ ಚಿತ್ರ ಒಬ್ಬ ರೈತಂದು. ತಾಸಿಗೆ ಅರ್ಧ ಕ್ರೌನ್ ಕೊಟ್ಟು ಕೂಡಿಸಿದ್ಲು. ಹಸಿ ಗಾಜಿಗೆ ಕೈ ತಾಗಿ ಚಿತ್ರ ಅಳಿಸಿಹೋತು. ಎದಿಗುಂದಲಿಲ್ಲ. 1864ರ ಜನವರಿಯಾಗ ಆನಿ ಅನ್ನೂ ಒಂದು ಸಣ್ಣ ಹುಡುಗಿಯ ಚಿತ್ರ ಛಲೋ ಬಂತು. ಆ ಖುಷಿಗೆ ಆ ಕೂಸಿಗೆ ಏನು ಕೊಡ್ಲಿ ಅಂತ ಮನಿ ತುಂಬ ಹುಡುಕ್ಯಾಡಿದ್ಲಂತ, ಚಿತ್ರ ಆ ಕೂಸೇ ಮಾಡಿಧಂಗ.

ಚಿತ್ರಕ್ಕ ಯಾರು ಬೇಕು? ಮನ್ಯಾಗಿನವರ. ಮನಿಗೆಲಸದ ಮೇರಿ ಹಿಲಿಯರ್ ಆಕಿಯ ಎಷ್ಟೋ ಚಿತ್ರದಾಗ ಏಸುವಿನ ತಾಯಿ ಆಗ್ಯಾಳ. ತಂಗಿ ಮಗಳು ಜೂಲಿಯಾ ಜಾಕ್ಸನ್, ಮುಂದ ಲೇಖಕಿ ವರ್ಜೀನಿಯಾ ವುಲ್ಫಳ ತಾಯಿ ಆದಾಕಿ, ಮತ್ತ ಮತ್ತ ಕೂತಾಳ. ಗಂಡ ಬಿಳಿ ಗಡ್ಡದ ಮಂತ್ರವಾದಿ ಮರ್ಲಿನ್ ಆಗ್ಯಾನ. ಊಟಕ್ಕ ಬಂದ ಟೆನಿಸನ್ನರನ್ನೂ ಬಿಡಲಿಲ್ಲ. 1868ರಾಗ ಅವ್ರ ಮನಿಗೆ ಬಾಡಿಗಿಗೆ ಬಂದ ಡಾರ್ವಿನ್ನರನ್ನೂ ಬಿಡಲಿಲ್ಲ. ಎಲ್ಲಾರೂ ನಿಮಿಷಗಟ್ಟಲೆ ಅಳುಗಾಡದ ಕೂಡಬೇಕಿತ್ತು.

ಅಂದ್ರ ಸಂಸಾರಕ್ಕಿಷ್ಟು ಹೊತ್ತು, ಹವ್ಯಾಸಕ್ಕಿಷ್ಟು ಹೊತ್ತು ಅಂತ ಆಕಿ ಪಾಲು ಮಾಡಲಿಲ್ಲ. ಬಂದವರ ಉಪಚಾರ, ಸಾಕಿದ ಮಕ್ಕಳು, ಕವಿತಾ, ನಾಟಕದ ವೇಷ, ಎಲ್ಲಾನೂ ಕ್ಯಾಮೆರಾದ ಮುಂದ ತಂದು ನಿಲ್ಲಿಸಿದ್ಲು. ಆಕಿಯ ಕಾಲದಾಗೇ ಫೋಟೋ ತೆಗೀತಿದ್ದ ಲೂಯಿಸ್ ಕ್ಯಾರೊಲ್ ಅನ್ನೂ ಲೇಖಕನ್ನ ನೋಡ್ರಿ. ಆಕ್ಸ್‌ಫರ್ಡಿನ್ಯಾಗ ಗಣಿತ ಕಲಸತಿದ್ದ, ಲಗ್ನ ಆಗಿದ್ದಿಲ್ಲ. ಕಾಲೇಜಿನ್ಯಾಗ ತಾನಿದ್ದ ಖೋಲಿ ಮ್ಯಾಲೆ ಗಾಜಿನ ಸ್ಟುಡಿಯೋ ಕಟ್ಟಿಸಿದ್ದ. 1856ರಾಗ ಹಿಡದ ಕ್ಯಾಮೆರಾ 1880ರಾಗ ಬಿಟ್ಟ. ಆತಂದು ಅಚ್ಚುಕಟ್ಟು ಕೆಲಸ. ಈಕಿಯ ಚಿತ್ರ ಮಸುಕು ಅಂತ ಆತಗ ಮನಸ್ಸಿಗೆ ಬರಲಿಲ್ಲ. ಫೋಟೋಗ್ರಫಿ ಸಂಘದ ಗಂಡಸರೂ ಗೀರು, ಬೆರಳಚ್ಚು ಎಣಿಸಿ ಬೈದ್ರು. ಆದ್ರ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಅಂತ ಕರಿಯೂ ಲಂಡನ್ ಮ್ಯೂಸಿಯಂ 1865ರಾಗ ಆಕಿಯ ಚಿತ್ರ ಕೊಂಡು ಪ್ರದರ್ಶನ ಮಾಡಿತು. 1868ರಾಗ ಎರಡು ಖೋಲಿ ಸ್ಟುಡಿಯೋಕ್ಕಂತ ಬಿಟ್ಟುಕೊಟ್ಟಿತು.

ಇದಕ್ಕ ಮನಿ ಕೊಟ್ಟ ಬೆಲಿನೂ ಸಣ್ಣದಲ್ಲ. ಹಸಿ ಗಾಜು ಹಿಡಕೊಂಡು ಗಂಡಗ ತೋರಸ್ಲಿಕ್ಕೆ ಊಟದ ಖೋಲಿಗೆ ಓಡಿಹೋಗಿ ಹೋಗಿ, ಮೇಜಿನ ಬಟ್ಟಿಗೆಲ್ಲಾ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ. ಬ್ಯಾರೆ ಮನ್ಯಾಗಾಗಿದ್ರ ಹೊರಗ ಹಾಕತಿದ್ರು ಅಂತ ಆಕೀನ ಬರಕೊಂಡಾಳ. ಪಿಯುಸಿ ಪ್ರಾಕ್ಟಿಕಲ್‌ನ್ಯಾಗ ಅದು ನನ್ನ ಬೆರಳಿಗೂ ಹತ್ತಿತ್ತು, ಎಷ್ಟು ತಿಕ್ಕಿದ್ರೂ ಹೋಗಿದ್ದಿಲ್ಲ. ವೋಟು ಹಾಕಿದಾಗ ಬೆರಳಿಗೆ ಹಚ್ಚೂ ಮೈಸೂರಿನ ಶಾಯಿಯಾಗೂ ಅದೇ ಇರತದ. ಅಂಥಾ ಕಲೆಯ ಬಟ್ಟಿ ಒಗಿಯೂದು ಯಾರ ಪಾಲಿಗೆ ಬಂದಿದ್ದೀತು ಹೇಳ್ರಿ.

ಇಲ್ಲೇ ನನ್ನ ಮನಸ್ಸು ಸ್ವಲ್ಪ ತಡೀತದ. ಆಕಿ ಗಾಜಿನ ಮನ್ಯಾಗ ಇದ್ದಾಗ ಅಡಗಿ, ಕಸ, ಮುಸುರಿಗೆ ಬ್ಯಾರೆ ಕೈಗಳಿದ್ವು. ಮೇರಿ ಹಿಲಿಯರ್ ಕರದಾಗ ಕೆಲಸ ಬಿಟ್ಟು ಬಂದು ಕೂಡಬೇಕು, ಮುಗದ ಮ್ಯಾಲೆ ಮತ್ತ ಅದೇ ಕೆಲಸಕ್ಕ ಹೋಗಬೇಕು. ಆದ್ರ ಹಂಗಂತ ಆಕಿ ಕೆಲಸದವ್ರನ್ನ ಬರೇ ದುಡಿಸಿಕೊಂಡ್ಲು ಅನ್ಲಿಕ್ಕೂ ಆಗೂದಿಲ್ಲ. ಮೇರಿ ರಯಾನ್ ಅನ್ನೂ ಹುಡುಗಿ ಅವ್ವನ ಜೋಡಿ ಭಿಕ್ಷಾ ಬೇಡೂದನ್ನ ನೋಡಿ ಮನಿಗೆ ಕರಕೊಂಡು ಬಂದು, ತನ್ನ ಮಕ್ಕಳ ಜೋಡಿ ಓದಿಸಿದ್ಲು, ಕೆಲಸಕ್ಕೂ ಇಟಗೊಂಡ್ಲು. ಆ ಹುಡುಗಿಯ ಫೋಟೋ ಪ್ರದರ್ಶನದಾಗ ನೋಡಿ ಮೆಚ್ಚಿದ ಹೆನ್ರಿ ಕಾಟನ್ 1867ರಾಗ ಆಕಿನ್ನ ಲಗ್ನ ಆದ. ಅದೇ ಕಾಟನ್ನ 1904ರಾಗ ಮುಂಬೈಯಾಗ ಕೂಡಿದ ಕಾಂಗ್ರೆಸ್ ಅಧಿವೇಶನಕ್ಕ ಅಧ್ಯಕ್ಷ ಆಗಿದ್ದು. ಇತಿಹಾಸ ಎಲ್ಲಿಂದೆಲ್ಲಿಗೆ ಗಂಟು ಹಾಕತದ ನೋಡ್ರಿ.

ಸಿಲೋನಿನ ಕಾಫಿ ಆದಾಯ ಇಳೀತಾ ಬಂತು. 1869ರಿಂದ ಅಲ್ಲಿ ಕಾಫಿ ಎಲಿಗೆ ತುಕ್ಕು ರೋಗ ಬಿತ್ತು. ಆಕಿ ಚಿತ್ರಕ್ಕ ಹಕ್ಕುಸ್ವಾಮ್ಯ ನೋಂದಿಸಿ, ಲಂಡನ್ನಿನ ಕೋಲ್ನಾಗಿ ಅಂಗಡಿಯಾಗ ಮಾರಾಟಕ್ಕಿಟ್ಟು ನಾಕು ದುಡ್ಡು ಗಳಸಲಿಕ್ಕೆ ನೋಡಿದ್ಲು. 1875ರಾಗ ಗಂಡ ಹೆಂಡತಿ ಮಕ್ಕಳಿದ್ದ ಸಿಲೋನಿಗೆ ಹೋದ್ರು. ಹೋಗೂ ಮುಂದ ಸಾಮಾನಿನ ಜೋಡಿ ಶವದ ಪೆಟಗಿಗಳನ್ನೂ ಒಯ್ದಿದ್ರು ಅಂತ ಹೇಳ್ತಾರ. ಅಲ್ಲಿ ತೆಗದ ಚಿತ್ರ ಭಾಳ ಕಡಿಮಿ. 1879ರ ಜನವರಿ 26ಕ್ಕ ತೀರಿಕೊಂಡ್ಲು.

ಲೆಕ್ಕಾ ಹಾಕಿದ್ರ 63 ವರ್ಷದ ಬಾಳಿನ್ಯಾಗ ಕ್ಯಾಮೆರಾ ಭರ್ತಿ ನಡದದ್ದು ಹೆಚ್ಚಂದ್ರ 12 ವರ್ಷ. ಅದಕ್ಕ ಮುಂಚೆ ಬ್ಯಾರೆ ಕೆಲಸ ತೂಕ ಆಗಿದ್ವು, ಆಮ್ಯಾಲೆ ಸಂಸಾರ ತೂಕ ಆತು. ತಕ್ಕಡಿ ದಿನಾ ಸಮ ಇರಬೇಕು ಅಂತ ನಾವು ಒದ್ದಾಡ್ತೇವಿ. ಆಕಿಯ ತಕ್ಕಡಿ ಎಂದೂ ಸಮ ಇದ್ದಿಲ್ಲ. ಹೊತ್ತು ಸಿಗಲಿ ಅಂತ ಕಾಯೂದಕ್ಕಿಂತ ಮೊದಲ ಮನ್ಯಾಗ ಒಂದು ಮೂಲಿ ನಿಮ್ಮದು ಮಾಡಿಕೊಳ್ರಿ. ಅಟ್ಟ ಇರಲಿ, ಹಿತ್ತಲದ ಸಾಮಾನಿನ ಖೋಲಿ ಇರಲಿ. ಮತ್ತ ನೀವು ಅಲ್ಲಿ ಕೂತಾಗ ನಿಮ್ಮ ಪಾಲಿನ ಕೆಲಸ ಯಾರ ಕೈಯಾಗ ಹೋತು ಅನ್ನೂದನ್ನೂ ಒಂದೀಟು ನೋಡಿಕೊಳ್ರಿ. ಸೊಸಿನೋ, ಕೆಲಸದಾಕಿನೋ, ಆಕಿಗೂ ಒಂದು ಮೂಲಿ ಬೇಕಾಗಿರತದ.