ಹಾಸಿಗೆ ಹೊತ್ತು ಬಂದವರು

ಕ್ಯಾಲಿಫೋರ್ನಿಯಾದ ದೊಡ್ಡ ಹೊಲಗಳಲ್ಲಿ ಕೂಲಿಗೆ ಸೇರುವವನು ತನ್ನ ಹಾಸಿಗೆಯನ್ನು ತಾನೇ ಹೊತ್ತು ತರಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹಲವು ದಶಕಗಳ ಕಾಲ ಅಲ್ಲಿ ಇದೇ ರೂಢಿ. ಕಂಬಳಿಯನ್ನು ಸುರುಳಿ ಸುತ್ತಿ, ಬಿಗಿದು ಕಟ್ಟಿ, ಹೆಗಲಿಗೇರಿಸಿಕೊಂಡು ಸುಗ್ಗಿಯಿಂದ ಸುಗ್ಗಿಗೆ ನಡೆಯುತ್ತಿದ್ದ ಈ ಗಂಡಸರನ್ನು ಬಿಂಡಲ್‌ಸ್ಟಿಫ್ ಎಂದು ಕರೆಯುತ್ತಿದ್ದರು. ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ ಕಿರುಕಾದಂಬರಿಯ ಜಾರ್ಜ್ ಮತ್ತು ಲೆನ್ನಿ ಇಂಥವರು. 1937ರಲ್ಲಿ ಪ್ರಕಟವಾದ ಆ ಪುಸ್ತಕದ ಮೊದಲ ಪುಟಗಳಲ್ಲಿ, ಸೊಲೆಡಾಡ್ ಊರಿನ ಬಳಿ ಸಲಿನಾಸ್ ಹೊಳೆಯ ದಂಡೆಗೆ ಅವರು ಇಳಿದು ಬರುವಾಗ ಇಬ್ಬರ ಹೆಗಲ ಮೇಲೂ ಕಂಬಳಿ ಸುರುಳಿ ಇದೆ.

ಬಾಗಲಕೋಟೆ ಕಡೆಯ ಒಂದು ಕಾಲೇಜಿನಲ್ಲಿ ನಾನು ಈ ಕಿರುಕಾದಂಬರಿಯನ್ನು ಪದವಿ ತರಗತಿಗೆ ಪಾಠ ಮಾಡುತ್ತಿದ್ದೆ. ಕಬ್ಬು ಕಡಿಯುವ ಮನೆಯಿಂದ ಬಂದ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಇಬ್ಬರು ಕೂಡಿ ದುಡಿಯಾಕ ಹೋದ್ರ ಅದರಾಗ ಏನ್ ವಿಶೇಷ ಐತ್ರಿ ಸರ್?” ಅವನು ಕಂಡಿದ್ದು ಗ್ಯಾಂಗು. ಗಂಡ, ಹೆಂಡತಿ, ಮಕ್ಕಳು, ಎತ್ತು, ಒಲೆ ಎಲ್ಲವೂ ಒಟ್ಟಿಗೆ ಹೊರಡುವ ದುಡಿಮೆ. ಆದರೆ ಆ ಕತೆಯಲ್ಲಿ ಜಾರ್ಜ್ ಮತ್ತು ಲೆನ್ನಿ ಜೊತೆಯಾಗಿ ಬಂದದ್ದನ್ನು ಕಂಡು ಯಜಮಾನನಿಗೆ ಅನುಮಾನ ಹುಟ್ಟುತ್ತದೆ. ಜಾರ್ಜ್ ದಡ್ಡ ಲೆನ್ನಿಯ ಕೂಲಿಯನ್ನು ಕದಿಯುತ್ತಿರಬೇಕು ಎಂದೇ ಅವನು ಶಂಕಿಸುತ್ತಾನೆ. ಸ್ನೇಹವನ್ನು ಕಂಡರೆ ಕಳ್ಳತನದ ಗುಮಾನಿ ಬರುವಂಥ ನಾಡು ಹೇಗೆ ತಯಾರಾಯಿತು? ಹುಡುಗನ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕ್ಯಾಲಿಫೋರ್ನಿಯಾದ ಬೇಸಾಯದ ಚರಿತ್ರೆಗೆ ಹೋಗಬೇಕು.

ಅಲ್ಲಿ ಬೇಸಾಯ ಶುರುವಾದದ್ದೇ ದೊಡ್ಡದಾಗಿ. 1870, 80ರ ದಶಕಗಳಲ್ಲಿ ಗೋಧಿ ಬೆಳೆದವರ ಪೈಕಿ ಹ್ಯೂ ಗ್ಲೆನ್ ಎಂಬಾತನ ಹಿಡುವಳಿ 50 ಸಾವಿರ ಎಕರೆಗೂ ಮಿಕ್ಕಿತ್ತು. ಇಂದಿಗೂ ಅಲ್ಲೊಂದು ಕೌಂಟಿಗೆ ಅವನದೇ ಹೆಸರು. ಆ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಸಲಿನಾಸ್ ಕಣಿವೆಗೆ ಸಕ್ಕರೆಯ ಬೀಟ್‌ಗೆಡ್ಡೆ ಬಂತು. 1899ರಲ್ಲಿ ಕ್ಲಾಸ್ ಸ್ಪ್ರೆಕೆಲ್ಸ್ ಅಲ್ಲಿ ಭಾರೀ ಸಕ್ಕರೆ ಕಾರ್ಖಾನೆ ತೆರೆದ. 1920ರ ದಶಕದಲ್ಲಿ ಲೆಟಿಸ್ ಸೊಪ್ಪು ಬಂತು. ಬೆಳೆ ಬದಲಾದರೂ ಲೆಕ್ಕ ಬದಲಾಗಲಿಲ್ಲ. ಕೊಯ್ಲಿನ ಕೆಲವು ವಾರ ನೂರಾರು ಕೈ ಬೇಕು, ಉಳಿದ ತಿಂಗಳು ಬೇಡ. ಹೆಂಡತಿ ಮಕ್ಕಳಿರುವ ಆಳಿಗೆ ಮನೆ ಕೊಡಬೇಕು, ವರ್ಷವಿಡೀ ಕೂಳು ಕೊಡಬೇಕು. ಒಂಟಿ ಗಂಡಸಾದರೆ ಒಂದು ಮಂಚದಷ್ಟು ಜಾಗ ಸಾಕು. ಕೊಯ್ಲು ಮುಗಿದ ದಿನ ಸಂಬಳ ಕೊಟ್ಟು ಕಳಿಸಿದರೆ ಆಯಿತು. ಜಮೀನ್ದಾರರಿಗೆ ಬೇಕಾದದ್ದು ಸಂಸಾರವಿಲ್ಲದ ಕೂಲಿ, ಅವರು ಸಾಕಿಕೊಂಡದ್ದೂ ಅದನ್ನೇ.

ಸ್ಟೈನ್‌ಬೆಕ್ ಇದನ್ನು ದೂರದಿಂದ ನೋಡಿ ಬರೆದವರಲ್ಲ. 1902ರಲ್ಲಿ ಸಲಿನಾಸ್‌ನಲ್ಲಿ ಹುಟ್ಟಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿ, ನಡುನಡುವೆ ಓದು ಬಿಟ್ಟು ಸ್ಪ್ರೆಕೆಲ್ಸ್ ಕಂಪನಿಯ ಹೊಲಗಳಲ್ಲಿ ದುಡಿದರು. ಪದವಿ ಪಡೆಯದೆಯೇ 1925ರಲ್ಲಿ ಹೊರಬಂದರು. ಅದಕ್ಕೇ ಪುಸ್ತಕದಲ್ಲಿ ಕೂಲಿಗಳು ಮಲಗುವ ಬಂಕ್‌ಹೌಸಿನ ಚಿತ್ರ ಅಷ್ಟು ಖಚಿತವಾಗಿದೆ: ಸುಣ್ಣ ಬಳಿದ ಗೋಡೆ, ಎಂಟು ಮಂಚ, ಒಂದೊಂದು ಮಂಚದ ಮೇಲೂ ಮೊಳೆ ಹೊಡೆದು ಕೂರಿಸಿದ ಸೇಬಿನ ಪೆಟ್ಟಿಗೆ. ಸೋಪು, ಕ್ಷೌರದ ಕತ್ತಿ, ಔಷಧಿ, ಹಳೆಯ ಪತ್ರಿಕೆ ಇವಿಷ್ಟನ್ನು ಇಡಲು ಆ ಪೆಟ್ಟಿಗೆ. ಜಾರ್ಜ್‌ಗೆ ಸಿಕ್ಕ ಪೆಟ್ಟಿಗೆಯಲ್ಲಿ ಹಿಂದಿನವನು ಬಿಟ್ಟುಹೋದ ಹೇನಿನ ಪುಡಿಯ ಡಬ್ಬಿ ಇರುತ್ತದೆ. ಒಬ್ಬ ಮನುಷ್ಯನ ಬಾಳಿಗೆ ಅಲ್ಲಿ ಗೊತ್ತಾದ ಅಳತೆ ಒಂದು ಸೇಬಿನ ಪೆಟ್ಟಿಗೆ. ಕೆಲಸ ಸಿಗುತ್ತಿದ್ದುದು ಸ್ಯಾನ್ ಫ್ರಾನ್ಸಿಸ್ಕೋದಂಥ ಊರುಗಳ ದಲ್ಲಾಳಿ ಅಂಗಡಿಗಳಲ್ಲಿ. ಅಲ್ಲಿನ ಕಪ್ಪು ಹಲಗೆಯ ಮೇಲೆ ಎಲ್ಲಿ ಎಷ್ಟು ಆಳು ಬೇಕೆಂದು ಬರೆಯುತ್ತಿದ್ದರು. ಹಲಗೆಗೆ ಬೇಕಿದ್ದದ್ದು ತಲೆಯೆಣಿಕೆ. ಯಾರು ಯಾರ ಜೊತೆಗಾರ ಎಂಬುದು ಅದಕ್ಕೆ ಬೇಕಿರಲಿಲ್ಲ.

ಈ ಏರ್ಪಾಡು ಸರ್ಕಾರದ ಕಣ್ಣಿಗೆ ಬೀಳಲು ರಕ್ತ ಹರಿಯಬೇಕಾಯಿತು. 1913ರ ಬೇಸಿಗೆ. ವೀಟ್‌ಲ್ಯಾಂಡ್ ಊರಿನ ಡರ್ಸ್ಟ್ ಎಂಬಾತನ ತೋಟಕ್ಕೆ, ಬಿಯರ್ ತಯಾರಿಕೆಗೆ ಬಳಸುವ ಹಾಪ್ ಹೂ ಬಿಡಿಸಲು ಸುಮಾರು 2,800 ಜನ ಬಂದರು. ಕೆಲಸ ಇದ್ದದ್ದು ಸುಮಾರು 1,500 ಜನಕ್ಕೆ. ಬೇಕೆಂದೇ ಹೆಚ್ಚು ಜನರನ್ನು ಕರೆಸಿದ್ದರು, ಕೂಲಿ ಇಳಿಯಲಿ ಎಂದು. ಅಷ್ಟು ಜನಕ್ಕೆ 9 ಕಕ್ಕಸು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಹೊಲದಲ್ಲಿ ಕುಡಿಯುವ ನೀರಿಲ್ಲ. ಡರ್ಸ್ಟ್‌ನ ಸಂಬಂಧಿಯೊಬ್ಬ ನಿಂಬೆ ಪಾನಕ ಎಂದು ಹುಳಿನೀರನ್ನು ಲೋಟಕ್ಕೆ 5 ಸೆಂಟಿನಂತೆ ಮಾರುತ್ತಿದ್ದ. ಆಗಸ್ಟ್ 3ರಂದು ಪೊಲೀಸರೊಂದಿಗೆ ಘರ್ಷಣೆಯಾಗಿ ನಾಲ್ವರು ಸತ್ತರು: ಜಿಲ್ಲಾ ವಕೀಲ, ಒಬ್ಬ ಪೊಲೀಸ್ ಅಧಿಕಾರಿ, ಇಬ್ಬರು ಕೂಲಿಗಳು. ಕೂಲಿಗಳ ಮುಂದಾಳುಗಳಾದ ಬ್ಲ್ಯಾಕಿ ಫೋರ್ಡ್ ಮತ್ತು ಹರ್ಮನ್ ಸುಹ್ರ್ ಇಬ್ಬರಿಗೂ ಜೈಲಾಯಿತು. ಸರ್ಕಾರಕ್ಕಾಗಿ ಇದನ್ನು ತನಿಖೆ ಮಾಡಿದ ಅರ್ಥಶಾಸ್ತ್ರಜ್ಞ ಕಾರ್ಲ್‌ಟನ್ ಪಾರ್ಕರ್, ಅಲೆಮಾರಿ ಕೂಲಿಯ ಬದುಕು ಹದಗೆಟ್ಟದ್ದಕ್ಕೆ ಅವನ ಸೋಮಾರಿತನ ಕಾರಣವಲ್ಲ, ಅವನು ದುಡಿಯುವ ಸ್ಥಿತಿಗತಿ ಕಾರಣ ಎಂದು ವಾದಿಸಿದರು.

ಈ ಗಂಡಸರು ಒಂಟಿತನವನ್ನು ಸುಮ್ಮನೆ ಒಪ್ಪಿಕೊಂಡು ಕೂತಿರಲಿಲ್ಲ. 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಐಡಬ್ಲ್ಯುಡಬ್ಲ್ಯು ಎಂಬ ಕಾರ್ಮಿಕ ಸಂಘ ಅವರನ್ನು ಸೇರಿಸಿಕೊಂಡಿತು. ಫೋರ್ಡ್, ಸುಹ್ರ್ ಇಬ್ಬರೂ ಆ ಸಂಘದವರೇ. ಕೆಂಪು ಸದಸ್ಯತ್ವ ಚೀಟಿ ಜೇಬಿನಲ್ಲಿದ್ದರೆ ಹೆಸರು ಗೊತ್ತಿಲ್ಲದ ಊರಲ್ಲೂ ಜೊತೆಗಾರ ಸಿಗುತ್ತಿದ್ದ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿದಾಗ ಸಂಘದ ಕಚೇರಿಗಳ ಮೇಲೆ ದೇಶದಾದ್ಯಂತ ದಾಳಿಯಾಯಿತು. 1919ರಲ್ಲಿ ಕ್ಯಾಲಿಫೋರ್ನಿಯಾ ವಿಶೇಷ ಕಾನೂನೊಂದನ್ನು ತಂದು ಸಂಘಕ್ಕೆ ಸೇರಿದ ಕಾರಣಕ್ಕೇ ನೂರಾರು ಜನರನ್ನು ಬಂಧಿಸಿತು. ಒಗ್ಗಟ್ಟಾಗುವುದೇ ಅಪರಾಧವಾದ ಮೇಲೆ ಉಳಿದದ್ದು ಒಬ್ಬೊಬ್ಬನೇ. ಜಾರ್ಜ್ ಲೆನ್ನಿಯರ ಸ್ನೇಹ ಅಪರೂಪ ಎನಿಸುವುದು ಈ ಸೋಲಿನ ನಂತರದ ಕಾಲದಲ್ಲಿ.

ಅದೇ ಕತೆಯಲ್ಲಿ ಬರುವ ಕುದುರೆಲಾಯದ ಕರಿಯ ಆಳು ಕ್ರುಕ್ಸ್‌ನ ಪಾಡು ಇನ್ನೂ ಕಠಿಣ. 1930ರಲ್ಲಿ ಕ್ಯಾಲಿಫೋರ್ನಿಯಾದ ನೂರು ಜನರಲ್ಲಿ ಕರಿಯರು ಇಬ್ಬರೂ ಇರಲಿಲ್ಲ. ಬಿಳಿಯರ ಬಂಕ್‌ಹೌಸಿಗೆ ಅವನಿಗೆ ಪ್ರವೇಶವಿಲ್ಲ. ಅವನ ಕೋಣೆಯಲ್ಲಿ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನಿನ ಜೀರ್ಣವಾದ ಪ್ರತಿ ಇದೆ ಎಂದು ಸ್ಟೈನ್‌ಬೆಕ್ ಬರೆಯುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ಅತಿ ನೋವಿನ ವಿವರ ಇದೇ. ಹಕ್ಕನ್ನು ಓದಿ ತಿಳಿದವನು ಅವನೊಬ್ಬನೇ, ಯಜಮಾನನ ಸೊಸೆಯ ಒಂದು ಬೆದರಿಕೆಗೆ ಬಾಯಿ ಮುಚ್ಚಬೇಕಾದವನೂ ಅವನೇ. ಬುದ್ಧಿ ಮಗುವಿನ ಮಟ್ಟದಲ್ಲೇ ನಿಂತ ಲೆನ್ನಿಗೆ ಹುಚ್ಚಾಸ್ಪತ್ರೆಯ ಹೆದರಿಕೆಯನ್ನು ಕ್ರುಕ್ಸ್ ಹಾಕುತ್ತಾನೆ. ಅದೂ ಬರಿಯ ಮಾತಲ್ಲ. 1909ರ ಕಾನೂನಿನಡಿ ಕ್ಯಾಲಿಫೋರ್ನಿಯಾ ಇಂಥ ಸಂಸ್ಥೆಗಳಲ್ಲಿದ್ದ ಸುಮಾರು 20 ಸಾವಿರ ಜನರಿಗೆ ಸಂತಾನಶಕ್ತಿಹರಣ ಮಾಡಿತು. ಆ ಕಾನೂನು ರದ್ದಾದದ್ದು 1979ರಲ್ಲಿ.

ಜಾರ್ಜ್ ಲೆನ್ನಿಯರ ಕನಸು 10 ಎಕರೆ ಜಮೀನು, ಒಂದು ಮನೆ, ಕೋಳಿ, ಮೊಲ. ಬೆಲೆ 600 ಡಾಲರ್. ತಿಂಗಳ ಕೂಲಿ 50. ದುಡಿಮೆಯಲ್ಲಿ ಕೈ ಕಳೆದುಕೊಂಡ ಮುದುಕ ಕ್ಯಾಂಡಿಗೆ ಬಂದ ಪರಿಹಾರ 250. ಆ ಹಣ ಸೇರಿದಾಗ ಮಾತ್ರ ಕನಸು ಲೆಕ್ಕಕ್ಕೆ ಸಿಗುತ್ತದೆ. ಜಮೀನು ಮಾರಲು ಹೊರಟವರೂ ಬರಿಗೈಯಾದ ವೃದ್ಧ ದಂಪತಿ, ಅಜ್ಜಿಗೆ ಆಪರೇಷನ್ ಆಗಬೇಕು. ಒಬ್ಬ ಬಡವ ನೆಲ ಕಳೆದುಕೊಂಡರಷ್ಟೇ ಇನ್ನೊಬ್ಬನಿಗೆ ನೆಲ.

ಅದೇ ರಾಜ್ಯದ ಹೊಲಗಳಲ್ಲಿ ನಮ್ಮ ದೇಶದವರೂ ಬೆವರು ಸುರಿಸಿದ್ದರು. ವೀಟ್‌ಲ್ಯಾಂಡಿನ ಗುಂಪಿನಲ್ಲೂ ಪಂಜಾಬಿಗಳಿದ್ದರು. ಅವರು ಬಂದದ್ದೂ ಒಂಟಿ ಗಂಡಸರಾಗಿಯೇ. ಆದರೆ ಒಬ್ಬ ಮುಂದಾಳಿನ ಕೆಳಗೆ ಗುಂಪಾಗಿ ದುಡಿದರು, ಒಟ್ಟಿಗೆ ಅಡುಗೆ ಮಾಡಿ ಉಂಡರು, ಹಣ ಕೂಡಿಸಿ ಗೇಣಿಗೆ ಹೊಲ ಹಿಡಿದರು. 1913ರ ಕಾನೂನು ಪೌರತ್ವಕ್ಕೆ ಅರ್ಹರಲ್ಲದವರಿಗೆ ನೆಲದ ಒಡೆತನ ನಿಷೇಧಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರಿಗೆ ಆ ಅರ್ಹತೆ ಇಲ್ಲವೆಂದಿತು. ಹಲವರು ನಂಬಿಕಸ್ತ ಬಿಳಿಯರ ಹೆಸರಿನಲ್ಲಿ, ಮುಂದೆ ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ನೆಲ ಇಟ್ಟುಕೊಂಡರು. ಜೊತೆ ಇದ್ದವರಿಗೆ ಅಡ್ಡದಾರಿಯಾದರೂ ಸಿಕ್ಕಿತು.

1935ರಲ್ಲಿ ಅಮೆರಿಕದ ಸಂಸತ್ತು ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕನ್ನೂ ಮುಪ್ಪಿನ ಪಿಂಚಣಿಯನ್ನೂ ಕೊಟ್ಟಿತು. ಎರಡೂ ಕಾನೂನುಗಳಿಂದ ಹೊಲದ ಕೂಲಿಗಳನ್ನು ಹೊರಗಿಟ್ಟಿತು. ಎರಡು ವರ್ಷಕ್ಕೆ ಸ್ಟೈನ್‌ಬೆಕ್ ಅವರ ಪುಸ್ತಕ ಬಂತು, ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ರಂಗಮಂಚ ಏರಿತು, 1939ರಲ್ಲಿ ಸಿನಿಮಾ ಆಯಿತು. ಜನ ಕಣ್ಣೀರು ಹಾಕಿದರು. ಕ್ಯಾಲಿಫೋರ್ನಿಯಾದ ಹೊಲದ ಕೂಲಿಗಳಿಗೆ ಸಂಘ ಕಟ್ಟುವ ಕಾನೂನುಬದ್ಧ ಹಕ್ಕು ಬಂದದ್ದು ಮಾತ್ರ 1975ರಲ್ಲಿ, ಸೀಸರ್ ಚಾವೇಝ್ ಮತ್ತು ಡೊಲೊರೆಸ್ ಹುಯೆರ್ತಾ ಮುನ್ನಡೆಸಿದ ಚಳವಳಿಯ ನಂತರ.

ಈ ಪುಸ್ತಕವನ್ನು ಪಾಠ ಮಾಡುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಒಂಟಿತನ ಮನುಷ್ಯನ ಹಣೆಬರಹ ಎಂದು ಮಕ್ಕಳಿಗೆ ಹೇಳಿ ಮುಗಿಸಬೇಡಿ. ಆ ಒಂಟಿತನ ಯಾರಿಗೆ ಲಾಭ ತಂದಿತು, ಅದನ್ನು ಯಾವ ಕಾನೂನು ಕಾಯ್ದುಕೊಂಡಿತು ಎಂಬುದನ್ನೂ ಹೇಳಿ. ಅದನ್ನು ಮನುಷ್ಯರೇ ಮಾಡಿದ್ದರು. ಬದಲಾಯಿಸಿದ್ದೂ ಒಟ್ಟಾಗಿ ನಿಂತ ಮನುಷ್ಯರೇ.