ಕಾಣದ ಗಾಳಿಯ ಲೆಕ್ಕ

ಅಧ್ಯಾಪನದಿಂದ ನಿವೃತ್ತನಾದ ಹೊಸತರಲ್ಲಿ ನಾನು ಒಬ್ಬ ನಿರಪರಾಧಿಯನ್ನು ಹತ್ತು ಜನರ ಎದುರಿಗೆ ಕಳ್ಳನೆಂದು ಕರೆದೆ. ಅದಕ್ಕೆ ಕಾರಣ ನನ್ನ ತಂದೆಯವರ ಕಾಲದ ಹಳೆಯ ಕಾರು. ರಸ್ತೆಯಲ್ಲಿ ಓಡುವಾಗ ಅದಕ್ಕೆ ಯಾವ ಕುಂದೂ ಇರಲಿಲ್ಲ. ವೃತ್ತದಲ್ಲಿ ನಿಲ್ಲಿಸಿದೊಡನೆ ಮಾತ್ರ ಎಂಜಿನ್ ನಡುಗುತ್ತಿತ್ತು, ತಡವರಿಸುತ್ತಿತ್ತು, ಕೊನೆಗೆ ನಿಂತೇ ಹೋಗುತ್ತಿತ್ತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದು ನಾನೇ ನಿಶ್ಚಯಿಸಿ, ಬಂಕಿನ ಹುಡುಗನ ಮೇಲೆ ರೇಗಾಡಿ ಬಂದೆ. ಆ ತಪ್ಪಿನ ಬೆನ್ನು ಹಿಡಿದು ಹೋದಾಗ ನನಗೆ ದೊರೆತದ್ದು ಕಾರ್ಬ್ಯುರೇಟರ್ ಎಂಬ ಪುಟ್ಟ ಸಾಧನದ ಇತಿಹಾಸ.

ಎಂಜಿನ್ನಿಗೆ ಬೇಕಾದುದು ಮೂರು: ಎಣ್ಣೆ, ಕಿಡಿ, ಗಾಳಿ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ವಾಹನಕ್ಕೆ ಪೇಟೆಂಟ್ ಕೋರಿದ್ದು 1886ರಲ್ಲಿ. ಎರಡು ವರ್ಷಗಳ ತರುವಾಯ, 1888ರ ಆಗಸ್ಟಿನಲ್ಲಿ, ಆತನ ಹೆಂಡತಿ ಬರ್ಥಾ ಗಂಡನಿಗೂ ತಿಳಿಸದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಂಧನವನ್ನು ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳೆಂದೂ, ಕಿಡಿಯ ತಂತಿಗೆ ಕಾಲುಚೀಲದ ಪಟ್ಟಿಯನ್ನು ಸುತ್ತಿದಳೆಂದೂ ಪ್ರಸಿದ್ಧಿ. ಎಣ್ಣೆಯ ದೋಷ, ಕಿಡಿಯ ದೋಷ, ಎರಡೂ ಕಣ್ಣಿಗೆ ಕಾಣುವಂಥವು. ಮೂರನೆಯದಾದ ಗಾಳಿ ಮಾತ್ರ ಕಾಣುವುದಿಲ್ಲ. ಕಾರ್ಬ್ಯುರೇಟರಿನ ಕಥೆಯೆಲ್ಲ ಆ ಕಾಣದ ಗಾಳಿಗೆ ಲೆಕ್ಕವಿಟ್ಟ ಕಥೆ.

ಒಂದು ತೂಕ ಪೆಟ್ರೋಲ್ ಚೆನ್ನಾಗಿ ಉರಿಯಲು ಸುಮಾರು ಹದಿನೈದು ತೂಕ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರಿಗೆ ಸುಮಾರು 9,000 ಲೀಟರ್! ಬೆಂಜನ ಸಾಧನದಲ್ಲಿ ಗಾಳಿಯು ಇಂಧನದ ಮೇಲೆ ಹಾದು ಆವಿಯನ್ನು ಹೊತ್ತೊಯ್ಯುತ್ತಿತ್ತು. ಹಗುರ ಅಂಶ ಮೊದಲು ಆರಿ, ಭಾರದ್ದು ಉಳಿದು, ಮಿಶ್ರಣ ಹದ ತಪ್ಪುತ್ತಿತ್ತು. 1893ರಲ್ಲಿ ವಿಲ್‌ಹೆಲ್ಮ್ ಮೇಬಾಕ್ ಸಣ್ಣ ರಂಧ್ರದಿಂದ ಇಂಧನ ಚಿಮ್ಮುವ ಉಪಾಯವನ್ನು ತಂದನು. ಅದೇ ವರ್ಷ ಹಂಗೇರಿಯ ಬಾಂಕಿ ಮತ್ತು ಚೋಂಕಾ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದಾಚೆಗೆ ಎಂಜಿನ್ ಎಳೆದ ಉಸಿರೇ ಇಂಧನವನ್ನೂ ಎಳೆಯತೊಡಗಿತು.

ನನ್ನ ಮನಸ್ಸನ್ನು ಹೆಚ್ಚು ಸೆಳೆದವರು ಇಂಗ್ಲೆಂಡಿನ ಸ್ಕಿನ್ನರ್ ಸೋದರರು. ಅವರ ಮನೆತನದ ವ್ಯಾಪಾರ ಪಾದರಕ್ಷೆಗಳದು. 1905ರ ಸುಮಾರಿಗೆ ಅವರು ರೂಪಿಸಿದ ಕಾರ್ಬ್ಯುರೇಟರಿನ ಒಡಲಲ್ಲಿದ್ದುದು ಚರ್ಮದ ತಿದಿ! ಎಂಜಿನ್ ಗಾಳಿ ಎಳೆದಷ್ಟೂ ತಿದಿ ಮೇಲೇಳುತ್ತದೆ. ಅದರೊಡನೆ ಮೊನಚಾದ ಸೂಜಿಯೊಂದು ಮೇಲೆದ್ದು, ಬೇಕಾದಷ್ಟೇ ಪೆಟ್ರೋಲಿಗೆ ದಾರಿ ಬಿಡುತ್ತದೆ. ಮುಂದೆ ಚರ್ಮದ ಬದಲು ಲೋಹದ ಪಿಸ್ಟನ್ ಬಂತು. ‘ಸ್ಕಿನ್ನರ್ ಯೂನಿಯನ್’ ಎಂಬುದರ ಮೊದಲ ಅಕ್ಷರಗಳಿಂದ ‘ಎಸ್.ಯು.’ ಎಂಬ ಹೆಸರು ನಿಂತಿತು. 1926ರಲ್ಲಿ ಈ ಸಂಸ್ಥೆ ಮಾರಿಸ್ ಕಾರುಗಳ ಒಡೆಯನ ಕೈಸೇರಿತು. ಮಾರಿಸ್ ಆಕ್ಸ್‌ಫರ್ಡ್ ಕಾರೇ ಮುಂದೆ ಬಂಗಾಳದ ಉತ್ತರಪಾರಾದಲ್ಲಿ ನಮ್ಮ ಅಂಬಾಸಿಡರ್ ಆಯಿತೆಂಬುದನ್ನು ತಾವೆಲ್ಲ ಬಲ್ಲಿರಿ. ನಮ್ಮ ಮನೆಯ ಕಾರಿನಲ್ಲಿದ್ದುದೂ ಎಸ್.ಯು. ವಂಶದ್ದೇ.

ನಾನು ಮಾಡಿದ್ದೇನು? ಪೆಟ್ರೋಲ್ ಸಾಲದೆಂದು ಭಾವಿಸಿ ಕಾರ್ಬ್ಯುರೇಟರಿನ ಕೆಳಗಿನ ನಟ್ಟನ್ನು ದಿನಕ್ಕಿಷ್ಟು ತಿರುವುತ್ತ ಹೋದೆ. ಹೊಗೆ ಕಪ್ಪಾಯಿತು, ರೋಗ ಹೋಗಲಿಲ್ಲ. ನಮ್ಮ ಮೆಕ್ಯಾನಿಕ್ ನಟ್ಟನ್ನು ಮುಟ್ಟಲೇ ಇಲ್ಲ. ಮೊದಲು ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಕಳಚಿ, ಪ್ರತಿಸಲವೂ ಸದ್ದು ಒಂದೇ ಸಮನೆ ಕುಗ್ಗುವುದನ್ನು ಕೇಳಿದರು: ಕಿಡಿಯಲ್ಲಿ ದೋಷವಿಲ್ಲ. ಬಳಿಕ ಕಾರ್ಬ್ಯುರೇಟರು ಎಂಜಿನ್ನಿಗೆ ಕೂಡುವ ಸಂದಿಯಲ್ಲಿ ಸೋಪಿನ ನೀರನ್ನು ತೊಟ್ಟಿಕ್ಕಿದರು. ಒಂದು ಮೂಲೆಯಲ್ಲಿ ನೀರು ಒಳಕ್ಕೆ ಸೇದಿಹೋಯಿತು. ತಡವರಿಕೆ ಕ್ಷಣಕಾಲ ನಿಂತಿತು. “ಮೇಷ್ಟ್ರೆ, ಗಾಡಿ ಏರ್ ಎಳೀತಾ ಇದೆ,” ಎಂದರು. ವಯಸ್ಸಾದ ಗ್ಯಾಸ್ಕೆಟ್ ಸೀಳಿತ್ತು.

ನಿಂತಾಗಲೇ ಏಕೆ ಈ ತೊಂದರೆ? ಆಗ ಗಾಳಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಒಳಗಿನ ಸೆಳೆತ ಬಲವಾಗಿರುತ್ತದೆ. ಸಲ್ಲುವ ಗಾಳಿ ಸ್ವಲ್ಪವಾದ್ದರಿಂದ ಕದ್ದು ನುಗ್ಗಿದ ಗಾಳಿಯ ಪಾಲು ದೊಡ್ಡದಾಗುತ್ತದೆ. ಓಡುವಾಗ ಅದೇ ಕಳ್ಳಗಾಳಿ ಹೊಳೆಯಲ್ಲಿನ ಹನಿ. ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೆಯೇ ಅವರು ನಟ್ಟಿಗೆ ಕೈಹಾಕಿದ್ದು. ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಆಲಿಸಿದರು. ಸದ್ದು ಏರಿ ಏರಿಯೇ ಉಳಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ತುಸು ಏರಿ ಮೊದಲಿನಂತಾದರೆ ಹದ.

ಇಂದು ಈ ಕಿವಿಗೆ ಕೆಲಸ ಕಡಿಮೆ. 2000ದ ಆಸುಪಾಸಿನಲ್ಲಿ ನಮ್ಮ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗತೊಡಗಿತು; 2014ರಲ್ಲಿ ಅಂಬಾಸಿಡರಿನ ತಯಾರಿಕೆಯೇ ನಿಂತಿತು. ಗಾಳಿಯ ಲೆಕ್ಕವನ್ನು ಈಗ ವಿದ್ಯುನ್ಮಾನ ಸಾಧನಗಳು ಇಡುತ್ತವೆ.

ಮರುದಿನ ನಾನು ಬಂಕಿಗೆ ಹೋಗಿ, ಅಲ್ಲಿ ನೆರೆದಿದ್ದವರ ಎದುರಿಗೇ ಆ ಹುಡುಗನ ಕ್ಷಮೆ ಕೇಳಿದೆ. ಅವನು ಏನನ್ನೂ ಹೇಳಲಿಲ್ಲ. ಪೆಟ್ರೋಲ್ ಹಾಕುವ ಮುನ್ನ ಎಂದಿನಂತೆ ಮೀಟರಿನ ಕಡೆಗೆ ಕೈದೋರಿ, “ಝೀರೋ ನೋಡ್ಕೊಳ್ಳಿ ಸಾರ್,” ಎಂದ.

ನಾನು ನೋಡಲಿಲ್ಲ.