ಊರು ಬಿಟ್ಟವರು ಬರೆದ ಊರು

ಪ್ರತಿವರ್ಷ ಅಕ್ಟೋಬರ್ 10ರ ಆಸುಪಾಸಿಗೆ ಕೋಟತಟ್ಟಿನಲ್ಲಿ ಶಿವರಾಮ ಕಾರಂತರ ಹುಟ್ಟುಹಬ್ಬ ನಡೆಯುತ್ತದೆ. ಗ್ರಾಮ ಪಂಚಾಯತಿಯೇ ಮುಂದೆ ನಿಂತು ಹುಟ್ಟೂರ ಪ್ರಶಸ್ತಿ ಕೊಡುತ್ತದೆ, ಅವರ ಹೆಸರಿನ ಥೀಮ್ ಪಾರ್ಕ್ ಕೂಡ ಅಲ್ಲೇ ಇದೆ. ಪಂಚಾಯತಿಯೊಂದು ಸಾಹಿತಿಯನ್ನು ಇಷ್ಟು ಹಚ್ಚಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಇಂಥ ಹಬ್ಬಗಳ ವೇದಿಕೆಯಲ್ಲಿ ಸುಲಭವಾಗಿ ಬರುವ ಒಂದು ಮಾತನ್ನು, ಅಂದರೆ ಹುಟ್ಟಿದ ಮಣ್ಣೇ ಕೃತಿಯನ್ನು ಬರೆಸಿತು ಎಂಬುದನ್ನು, ಇತಿಹಾಸ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು 1920ರ ದಶಕದಲ್ಲಿ ಕುಂದಾಪುರದಿಂದ ‘ವಸಂತ’ ಪತ್ರಿಕೆ ಹೊರಡಿಸಿದರು, ಆಮೇಲೆ ಪುತ್ತೂರಿಗೆ ಹೋಗಿ ನೆಲೆಸಿದರು. ಕೋಟದ ಪಕ್ಕದ ಕೋಡಿಯ ಕಥೆಯಾದ ‘ಮರಳಿ ಮಣ್ಣಿಗೆ’ 1940ರ ದಶಕದ ಆರಂಭದಲ್ಲಿ ಬಂದಾಗ ಅವರು ಪುತ್ತೂರಿನವರು. ಸುತ್ತ ಕಾಡು, ಗುಡ್ಡ, ಅಡಿಕೆ ತೋಟ; ಕಡಲು ದೂರದ ಮಾತು. 1968ರ ‘ಮೂಕಜ್ಜಿಯ ಕನಸುಗಳು’ ಹೊತ್ತಿಗೂ ಅವರು ಈ ಕಡೆ ಮರಳಿರಲಿಲ್ಲ.

ಇದು ಕಾರಂತರೊಬ್ಬರ ಕಥೆಯಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಬಣ್ಣ ಕಲಿತದ್ದು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ, ಬಾಳಿದ್ದೂ ಅದೇ ಊರಿನಲ್ಲಿ. ಈಗ ಬೈಂದೂರು ತಾಲೂಕಿಗೆ ಸೇರಿದ ಮೊಗೇರಿಯ ಕವಿ ಗೋಪಾಲಕೃಷ್ಣ ಅಡಿಗರು ‘ಭೂಮಿಗೀತ’ ಕೊಟ್ಟದ್ದೂ ಘಟ್ಟ ಹತ್ತಿದ ಮೇಲೆ. ಕರಾವಳಿಯ ಈ ತುಂಡಿನಿಂದ ಬೆಂಗಳೂರಿಗೆ, ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದವರು ಮನೆಗೊಬ್ಬರಂತೆ ಸಿಗುತ್ತಾರೆ. ‘ಮರಳಿ ಮಣ್ಣಿಗೆ’ಯಲ್ಲೂ ಶೀನಮಯ್ಯನ ಮನೆಯವರು ಹೋಟೆಲಿನಿಂದ ದುಡ್ಡು ಕಾಣುತ್ತಾರೆ, ರಾಮ ಐತಾಳರ ಮಗ ಲಚ್ಚ ಇಂಗ್ಲಿಷ್ ಕಲಿಯಲು ಹೋದವನು ಮನೆಗೂ ದಕ್ಕದೆ ಹೋಗುತ್ತಾನೆ. ಹಾಗಾಗಿ ಇಲ್ಲಿನ ನೆಲದ ಚಿತ್ರ ಮೂಡಿದ್ದು ನೆಲ ಬಿಟ್ಟವರ ಕೈಯಿಂದ ಎಂದು ನನ್ನ ವಾದ. ಹೊರಟುಹೋಗುವ ಚರಿತ್ರೆ ಇಲ್ಲದಿದ್ದರೆ ಮರಳುವ ಕಾದಂಬರಿ ಎಲ್ಲಿಂದ ಬರಬೇಕು?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಊರಲ್ಲೇ ಉಳಿದವರಿಗೆ ಕಣ್ಣಿರಲಿಲ್ಲವೇ? ಇತ್ತು. ನೀರು ನಿಲ್ಲುವ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂದು ಗದ್ದೆಯನ್ನು ಮೂರು ಬಗೆಯಾಗಿ ಕಂಡ ಒಕ್ಕಲಿಗರಿಗೆ, ನೀರಿನ ಬಣ್ಣ ನೋಡಿ ಮೀನು ಹೇಳುವ ಮೊಗವೀರರಿಗೆ ನೆಲ, ಕಡಲು ತಿಳಿದಷ್ಟು ಯಾವ ಕಲಾವಿದನಿಗೂ ತಿಳಿದಿರಲಾರದು. ಆದರೆ ಅದು ಬಳಸುವವರ ಕಣ್ಣು. ಬಳಸುವುದನ್ನು ಚೌಕಟ್ಟು ಹಾಕಿ ನೋಡುವ ಜರೂರು ಅವರಿಗೆ ಬರಲಿಲ್ಲ. ಕಾರಂತರ ಹೆಚ್ಚುಗಾರಿಕೆಯೂ ಇಲ್ಲೇ ಇದೆ. ದೂರದಿಂದ ಬರೆದರೂ ಅವರು ದೂರದವರ ಕಣ್ಣಿನಿಂದ ಬರೆಯಲಿಲ್ಲ. ಕೋಡಿ ಎಂದರೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಅಳಿವೆಯ ಉಪ್ಪುನೀರು, ನಡುವೆ ಹೊಯ್ಗೆಯ ಪಟ್ಟಿ. ಪ್ರವಾಸಿಯಾಗಿದ್ದರೆ ಅಲ್ಲಿ ಸೂರ್ಯಾಸ್ತ ಬರೆಯುತ್ತಿದ್ದ. ಕಾದಂಬರಿಯಲ್ಲಿ ಆ ಜಾಗ ಕಾಣುವುದು ಐತಾಳರ ಮನೆಯ ಪಾರೋತಿ, ಸರಸೋತಿಯರ ದುಡಿಮೆಯಲ್ಲಿ: ಮಳೆಗಾಲದ ನೀರಿನಲ್ಲಿ ತೇಲಿಬಂದ ಸೌದೆಯನ್ನು ಎಳೆದು ತರುವಾಗ, ಸೊಂಟ ಬಗ್ಗಿಸಿ ಗದ್ದೆಗೆ ಇಳಿದಾಗ. ಕಾರಂತರು ಕುಂಚವನ್ನೂ ಹಿಡಿದವರು, ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದವರು. ಆದರೂ ಅವರನ್ನು ಈ ಕರಾವಳಿಯ ದೊಡ್ಡ ಭೂದೃಶ್ಯಕಾರ ಎನ್ನುವುದಾದರೆ ಅದು ಗದ್ಯದಿಂದಲೇ.

ಕಾರಂತರು 1970ರ ದಶಕದಲ್ಲಿ ಸಾಲಿಗ್ರಾಮಕ್ಕೆ ಬಂದು 1997ರಲ್ಲಿ ತೀರಿಕೊಳ್ಳುವವರೆಗೆ ಇದೇ ಸೀಮೆಯಲ್ಲಿದ್ದರಲ್ಲ ಎನ್ನಬಹುದು. ಬಂದದ್ದು ನಿಜ, ಆದರೆ ಅಷ್ಟರಲ್ಲಿ ಕೋಡಿಯ ಚಿತ್ರ ಮುಗಿದು ಮೂರು ದಶಕವಾಗಿತ್ತು. ಹುಟ್ಟೂರ ಹಬ್ಬ ಬೇಡ ಎಂದು ಇದರ ಅರ್ಥವಲ್ಲ. ಹಬ್ಬದ ಗಮನ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. 2017ರಲ್ಲಿ ನಟ ಪ್ರಕಾಶ್ ರೈ ಅವರಿಗೆ ಪ್ರಶಸ್ತಿ ಕೊಟ್ಟಾಗ ದೊಡ್ಡ ಗದ್ದಲವೆದ್ದು ಸುದ್ದಿಯೆಲ್ಲ ವೇದಿಕೆಯ ಮೇಲಿನ ವ್ಯಕ್ತಿಯ ಸುತ್ತ ಸುತ್ತಿತು. ಪ್ರಶಸ್ತಿಯ ಹಬ್ಬದ ಸ್ವಭಾವವೇ ಹಾಗೆ, ಅದು ಮನುಷ್ಯರನ್ನು ಕಾಣಿಸುತ್ತದೆ, ನೆಲವನ್ನಲ್ಲ. ಅಕ್ಟೋಬರ್ ತಿಂಗಳೂ ಸ್ವಲ್ಪ ಅಡ್ಡಿಯೇ: ಆಗ ಮಳೆ ಹಿಂದೆಗೆದಿರುತ್ತದೆ, ಭತ್ತ ಹಣ್ಣಾಗಿರುತ್ತದೆ, ಊರು ಚೆಂದ ಕಾಣುತ್ತದೆ. ಐತಾಳರ ಮನೆಯ ಹೆಂಗಸರು ಸೆಣಸಿದ್ದು ಜಡಿಮಳೆಯ ದಿನಗಳೊಂದಿಗೆ. ಈಚೆಗೆ ಅಂಥ ಮಳೆಯ ನಡುವೆಯೇ ಬರುವ ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಾರೆ, ಬೆಂಗಳೂರಿನಲ್ಲಿರುವ ಕುಂದಾಪ್ರದವರು ಅದಕ್ಕೆ ಎಲ್ಲಿಲ್ಲದ ಉಮೇದಿನಿಂದ ಸೇರುತ್ತಾರೆ. ಊರು ಬಿಟ್ಟವರಿಗೇ ಊರಿನ ಹಂಬಲ ಹೆಚ್ಚೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ದಿನ ಕೋಡಿಯಲ್ಲಿ ಕಾದಂಬರಿಯ ಒಂದೆರಡು ಅಧ್ಯಾಯ ಓದಿಸಬಹುದು. ಆ ಗಾಳಿಮಳೆಗೆ ಶಾಮಿಯಾನ ನಿಲ್ಲುವುದಿಲ್ಲ, ಅತಿಥಿಗಳು ಬರಲು ಹಿಂದೆಮುಂದೆ ನೋಡುತ್ತಾರೆ ಎನ್ನುವುದು ಸರಿ. ಯಾರದಾದರೂ ಮನೆಯ ಚಾವಡಿಯಲ್ಲಿ ಹತ್ತು ಜನ ಕುಳಿತರೂ ಓದು ನಡೆಯುತ್ತದೆ.